ನಾನು ಕೂಗದೆ ಉಳಿದ ಆರು ದಿನಗಳು

ಸೂಜಿಗೆ ದಾರ ಏರಲಿಲ್ಲ.

ಕನ್ನಡಕದ ತಪ್ಪು ಎಂದುಕೊಂಡು ಒರೆಸಿದೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮತ್ತೆ ಹಿಡಿದೆ. ಆಗ ಗೊತ್ತಾಯಿತು. ಸೂಜಿಯ ಕಣ್ಣು ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೆರಳುಗಳ ನಡುವೆ ಸೂಜಿ ಇದೆ ಎಂಬುದು ಬೆರಳುಗಳಿಗೇ ತಿಳಿಯುತ್ತಿರಲಿಲ್ಲ. ತುದಿಗಳಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಪಾದಗಳಲ್ಲಿ ಅದು ಆ ಬೆಳಿಗ್ಗೆಯೇ ಶುರುವಾಗಿತ್ತು. ಚಪ್ಪಲಿ ಹೊಸತು, ಕಚ್ಚುತ್ತದೆ ಎಂದು ಚಪ್ಪಲಿಗೆ ಬೈದುಕೊಂಡೇ ಅಂಗಡಿಗೆ ಬಂದಿದ್ದೆ.

ನಾನು ಟೈಲರ್. ಹೆಸರು ಸಿಸಿಲಿಯಾ, ವಯಸ್ಸು ಐವತ್ತನಾಲ್ಕು. ಮನೆ ತೋಡಾರಿನಲ್ಲಿ, ಅಂಗಡಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮೊದಲ ಪರಮಪ್ರಸಾದ ಸ್ವೀಕರಿಸುವ ದಿನ ನಮ್ಮ ಹುಡುಗಿಯರು ತೊಡುವ ಬಿಳಿ ಫ್ರಾಕು ಇದೆಯಲ್ಲ, ಈ ಸುತ್ತಿನ ಚರ್ಚುಗಳಲ್ಲಿ ಅದು ಇಪ್ಪತ್ತಾರು ವರ್ಷಗಳಿಂದ ಹೆಚ್ಚಾಗಿ ನನ್ನ ಕೈಯದೇ. ಆ ಮಕ್ಕಳಿಗೆ ಭಾನುವಾರ ಧರ್ಮೋಪದೇಶದ ಕ್ಲಾಸು ಮಾಡುವವಳೂ ನಾನೇ. ಮಕ್ಕಳ ಮೈಯ ಅಳತೆಯೂ ನನಗೆ ಗೊತ್ತು, ತಲೆಯ ಅಳತೆಯೂ ಗೊತ್ತು ಎಂದು ನನಗೆ ಜಂಬ.

ಆ ತಿಂಗಳು ಮಾಡಿದ ಪಾಠ, ಯೇಸು ಒಂದು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿ, ಹೀಗಾಗದೆ ನಿಮಗೆ ಸ್ವರ್ಗದ ದಾರಿ ಇಲ್ಲ ಎಂದು ಹೇಳಿದ್ದು. ಮಕ್ಕಳೆಂದರೆ ವಿಧೇಯರು, ಕಪಟವಿಲ್ಲದವರು, ಎದುರು ಮಾತನಾಡದವರು ಎಂದು ನಾನು ಬೋರ್ಡಿನಲ್ಲಿ ಚಂದ ಮಾಡಿ ಬರೆದೆ. ಹಿಂದಿನ ಬೆಂಚಿನಲ್ಲಿ ಇಬ್ಬರು ಸೇರಿ ಮೂರನೆಯವಳ ಜಡೆಗೆ ಚೂಯಿಂಗ್ ಗಮ್ ಅಂಟಿಸುತ್ತಿದ್ದರು. ಮುಂದಿನ ಬೆಂಚಿನವಳೊಬ್ಬಳು ಎದ್ದು, "ಟೀಚರ್, ನಾವು ಈಗ್ಲೇ ಮಕ್ಕಳಲ್ವಾ? ಹಾಗಾದ್ರೆ ನಾವು ಪಾಸಾ?" ಎಂದು ಕೇಳಿದಳು. "ಕೂತ್ಕೋ ಅಧಿಕಪ್ರಸಂಗಿ" ಎಂದು ಗದರಿಸಿದೆ. ಉತ್ತರ ನನ್ನ ಹತ್ತಿರ ಇರಲಿಲ್ಲ, ಅದು ನಿಜವಾದ ಕಾರಣ.

ಸೂಜಿ ಕೈಕೊಟ್ಟ ದಿನ ಶನಿವಾರ. ಮರುದಿನ ಗರಿಗಳ ಭಾನುವಾರ, ಬರುವ ಶುಕ್ರವಾರ ಶುಭ ಶುಕ್ರವಾರ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ನಮ್ಮವರು ಏನನ್ನಾದರೂ ಬಿಡುತ್ತಾರೆ. ಕೆಲವರು ಮೀನು, ಕೆಲವರು ಸಿನಿಮಾ, ನನ್ನ ಗಂಡ ಲಾರೆನ್ಸ್ ಪ್ರತಿ ವರ್ಷ ಬೀಡಿ ಬಿಟ್ಟು ಈಸ್ಟರ್ ದಿನ ಹಿಡಿಯುತ್ತಾರೆ. ನಾನು ಮೀನು ಬಿಟ್ಟಿದ್ದೆ. ಬಂಗುಡೆ ಬಿಡುವುದು ಒಂದು ದೊಡ್ಡ ಸಂಗತಿಯಾ ಎಂದು ಒಳಗೇ ಒಂದು ಅಸಮಾಧಾನ ಇತ್ತು. ಬಂಟ್ವಾಳದ ನನ್ನ ತವರಿನಲ್ಲಿ ಅಜ್ಜಿ ಇದ್ದಾಗ, ಹಲ್ಲುನೋವು ಎಂದು ಅತ್ತರೂ, ಕಾಲು ಉಳುಕಿದೆ ಎಂದರೂ ಒಂದೇ ಔಷಧಿ: "ಯೇಸುವಿಗೆ ಒಪ್ಪಿಸು ಮಗಳೇ, ಸುಮ್ಮನಿರು." ಹಾಗೆ ಬೆಳೆದವಳು ನಾನು. ಬೆರಳು ಜುಮುಗುಟ್ಟಿದಾಗ ನನ್ನ ಬುದ್ಧಿಗೆ ಹೊಳೆದದ್ದೂ ಅದೇ. ಪವಿತ್ರ ವಾರ. ದೇವರು ನನಗೆಂದೇ ಕಳಿಸಿದ ತ್ಯಾಗ. ಯಾರಿಗೂ ಹೇಳಬಾರದು, ಹೇಳಿದರೆ ಬೆಲೆ ಹೋಗುತ್ತದೆ.

ಅದಕ್ಕೆ ಎರಡು ವಾರ ಮೊದಲು ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇರಬಹುದು ಎಂದು ನನಗೇನು ಗೊತ್ತು?

ಸೋಮವಾರ ಅಂಗಡಿಯ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು. ಮಂಗಳವಾರ ಕೈಯಿಂದ ಗ್ಲಾಸು ಬಿತ್ತು. ಬುಧವಾರ ಅತ್ತೆ ಕೇಳಿದರು, "ಎಂತ, ಕಾಲು ಎಳೀತಾ ಇದ್ದಿ?" ಅತ್ತೆಯನ್ನು ನಾವು ಮಾಂಯ್ ಎನ್ನುತ್ತೇವೆ. ಎಂಬತ್ತೆರಡು ವರ್ಷ, ಕಣ್ಣು ಮಾತ್ರ ಗಿಡುಗನದು. "ನಿಮ್ಮ ಕೆಲಸ ನೀವು ನೋಡಿ ಮಾಂಯ್" ಎಂದೆ. ಗುರುವಾರ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಲೈನಿಂಗ್ ಬಟ್ಟೆ ಕತ್ತರಿಸಿದೆ. ಪಕ್ಕದ ಮನೆಯ ಝುಬೈದಾ ನನ್ನ ಅಂಗಡಿಗೆ ಕಸೂತಿ ಕೆಲಸ ಮಾಡಿಕೊಡುತ್ತಾಳೆ. ಅವಳು ಎದುರಲ್ಲೇ ಕೂತಿದ್ದಳು.

"ಸಿಸಿಲಿಯಕ್ಕ, ನಿಮ್ಮ ಮುಖ ಎಂತ ಒಂದು ನಮೂನೆ ಉಂಟಲ್ಲ?"

"ಉಪವಾಸ ಮಾರಾಯ್ತಿ."

"ನಾವೂ ಉಪವಾಸ ಮಾಡ್ತೇವೆ. ಕೈ ಹೀಗೆ ನಡುಗುದಿಲ್ಲ."

ನಾನು ಮತ್ತೆ ಕತ್ತರಿಯತ್ತ ಬಗ್ಗಿದೆ. ಒಳಗೆ ನನಗೆ ಹೆಮ್ಮೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ಬೆರಳು ಸತ್ತ ಹಾಗೆ ಆಗುತ್ತಿದ್ದಷ್ಟೂ ನಾನು ದೇವರಿಗೆ ಹತ್ತಿರವಾಗುತ್ತಿದ್ದೇನೆ ಎಂದು ನಂಬಿದ್ದೆ.

ಶುಭ ಶುಕ್ರವಾರ ಶಿಲುಬೆಯ ಹಾದಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆದು ಚರ್ಚಿನ ಬಯಲಿನಲ್ಲಿ ಮಾಡುವ ಪ್ರಾರ್ಥನೆ. ಹದಿನಾಲ್ಕು ನಿಲ್ದಾಣ, ಪ್ರತಿಯೊಂದರಲ್ಲೂ ಮೊಣಕಾಲೂರಿ ಏಳಬೇಕು. ಹತ್ತರ ತನಕ ಹೇಗೋ ಹೇಗೋ ಎದ್ದೆ. ಹನ್ನೊಂದರಲ್ಲಿ ಊರಿದ ಮೊಣಕಾಲು ಮತ್ತೆ ಏಳಲಿಲ್ಲ. ಜನ ಹಾಡುತ್ತಾ ಮುಂದೆ ಹೋದರು. ನಾನು ಬಿಸಿಲಿನಲ್ಲಿ ಅಲ್ಲೇ ಉಳಿದೆ. ನನ್ನದು ಗಾಢವಾದ ಭಕ್ತಿ ಎಂದುಕೊಂಡು ಹಿಂದಿದ್ದ ಒಬ್ಬ ಹೆಂಗಸು ತಾನೂ ನನ್ನ ಪಕ್ಕದಲ್ಲಿ ಮತ್ತೆ ಮೊಣಕಾಲೂರಿ ಕಣ್ಣು ಮುಚ್ಚಿಕೊಂಡಳು! ಒಂದು ಮಾತು ಸಾಕಿತ್ತು. "ಏಳ್ಲಿಕ್ಕೆ ಆಗುದಿಲ್ಲ, ಕೈ ಕೊಡು" ಎಂದರೆ ಮುಗಿಯುತ್ತಿತ್ತು.

ಆಗಲೂ ನಾನು ಕೂಗಲಿಲ್ಲ.

ಆಮೇಲೆ ಪಕ್ಕಕ್ಕೆ ವಾಲಿ ಬಿದ್ದೆ.

ಝುಬೈದಾಳ ಗಂಡನ ಆಟೋದಲ್ಲಿ ಮೂಡುಬಿದಿರೆಯ ಡಾಕ್ಟರ ಹತ್ತಿರ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮಂಗಳೂರಿಗೆ. ಅಲ್ಲಿಯ ನ್ಯೂರಾಲಜಿಸ್ಟ್ ನಡುವಯಸ್ಸಿನ ಹೆಂಗಸು. ಪುಟ್ಟ ಸುತ್ತಿಗೆಯಲ್ಲಿ ನನ್ನ ಮೊಣಕಾಲಿಗೆ ತಟ್ಟಿದರು. ಕಾಲು ಅಲುಗಲಿಲ್ಲ. ಮತ್ತೆ ತಟ್ಟಿದರು. ಮೊಣಕೈಗೆ ತಟ್ಟಿದರು. ಅದೂ ಇಲ್ಲ.

"ಎಷ್ಟು ದಿನ ಆಯ್ತು ಇದು?"

"ನಿನ್ನೆಯಿಂದ" ಎಂದೆ. ಶುಭ ಶುಕ್ರವಾರದ ದಿನ ಸುಳ್ಳು.

"ಅಲ್ಲ ಡಾಕ್ಟ್ರೇ" ಎಂದರು ಲಾರೆನ್ಸ್. "ಮಂಗಳವಾರ ಗ್ಲಾಸ್ ಬೀಳ್ಸಿದ್ದಾಳೆ."

"ಸರಿಯಾಗಿ ಹೇಳಿ ಅಮ್ಮ. ಇದು ತುಂಬಾ ಮುಖ್ಯ."

"ಶನಿವಾರದಿಂದ."

"ಮತ್ತೆ ಯಾಕೆ ಬರ್ಲಿಲ್ಲ?"

"ತಪಸ್ಸು ಕಾಲ" ಎಂದೆ. ಹೇಳುವಾಗಲೇ ಆ ಮಾತು ನನ್ನ ಕಿವಿಗೆ ಪೆದ್ದುಪೆದ್ದಾಗಿ ಕೇಳಿಸಿತು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನರ್ವ್ ಕಂಡಕ್ಷನ್ ಟೆಸ್ಟ್ ಆಯಿತು, ಬೆನ್ನಿನಿಂದ ನೀರು ತೆಗೆದದ್ದಾಯಿತು. ಕಾಯಿಲೆಯ ಹೆಸರು ಗಿಲಾನ್ ಬಾರೆ ಸಿಂಡ್ರೋಮ್, ಆಸ್ಪತ್ರೆಯವರ ಬಾಯಲ್ಲಿ ಜಿಬಿಎಸ್. ಹೊಟ್ಟೆಯ ಸೋಂಕಿನ ಜೊತೆ ಹೋರಾಡಲು ಎದ್ದ ಶರೀರ, ಸೋಂಕು ಹೋದ ಮೇಲೂ ನಿಲ್ಲಿಸದೆ ತನ್ನದೇ ನರಗಳ ಮೇಲೆ ಬಿದ್ದಿದೆ ಎಂದು ಡಾಕ್ಟರು ವಿವರಿಸಿದರು. ಐದು ದಿನ ಐವಿಐಜಿ ಎಂಬ ಇಂಜೆಕ್ಷನ್ ಕೊಡಬೇಕು.

"ಕೈ ಬರ್ತದಾ ಡಾಕ್ಟ್ರೇ?" ಕಾಲಿನ ಸುದ್ದಿ ನಾನು ಕೇಳಲೇ ಇಲ್ಲ.

"ಹೆಚ್ಚಿನವರಿಗೆ ಬರ್ತದೆ. ನಿಮಗೆ ಎಷ್ಟು ಬರ್ತದೆ, ಯಾವಾಗ ಬರ್ತದೆ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ. ಬೇಗ ಬಂದಿದ್ರೆ ಎಲ್ಲ ತಪ್ತಿತ್ತು ಅಂತಲೂ ನಾನು ಹೇಳುದಿಲ್ಲ. ಆದ್ರೆ ಆರು ದಿನ ಸುಮ್ಮನೆ ಹೋಯ್ತು ನೋಡಿ."

ಅಂಗಡಿಯಲ್ಲಿ ಹನ್ನೊಂದು ಬಿಳಿ ಫ್ರಾಕುಗಳು ಅರ್ಧಕ್ಕೆ ನಿಂತಿದ್ದವು. ಈ ಕೈ ಹೋದರೆ ನಾನು ಯಾರು? ಹಾಸಿಗೆಯಲ್ಲಿ ಬಿದ್ದುಕೊಂಡು ಅದೊಂದನ್ನೇ ಯೋಚಿಸಿದೆ.

ಮರುದಿನ ಉಸಿರು ಕೈಕೊಟ್ಟಿತು.

ಈಸ್ಟರ್ ದಿನ ನಾನು ವೆಂಟಿಲೇಟರಿನಲ್ಲಿದ್ದೆ. ಈ ಕಾಯಿಲೆಯ ಒಂದು ಕ್ರೂರ ಸಂಗತಿ ಏನೆಂದರೆ, ಮೈ ಮಾತ್ರ ಮಲಗುತ್ತದೆ, ತಲೆ ಪೂರ್ತಿ ಎಚ್ಚರ. ಎಲ್ಲ ಕೇಳಿಸುತ್ತದೆ. ಗಂಟಲಲ್ಲಿ ಪೈಪು, ಮೂಗಲ್ಲಿ ಪೈಪು. ಕಣ್ಣೆವೆ ಮಾತ್ರ ನನ್ನ ಮಾತು ಕೇಳುತ್ತಿತ್ತು. ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ ಎಂದು ನರ್ಸು ಕಲಿಸಿಕೊಟ್ಟಳು. ನಾನು ಮಕ್ಕಳಿಗೆ ಎಷ್ಟೋ ಪ್ರಾರ್ಥನೆ ಬಾಯಿಪಾಠ ಮಾಡಿಸಿದವಳು, ಈಗ ಒಂದು ಜಪಮಾಲೆಯನ್ನು ತಲೆಯೊಳಗೆ ಮುಗಿಸಲಾಗುತ್ತಿರಲಿಲ್ಲ. ಎರಡನೆಯ ಮಣಿಗೆ ಬರುವಷ್ಟರಲ್ಲಿ ಮಷೀನಿನ ಸದ್ದು ನನ್ನನ್ನು ಬೇರೆ ಕಡೆ ಎಳೆದುಕೊಂಡು ಹೋಗುತ್ತಿತ್ತು.

"ನೋವುಂಟಾ ಅಮ್ಮ?" ನರ್ಸು ಕೇಳುತ್ತಿದ್ದಳು. ಎರಡು ಸಲ ಮಿಟುಕಿಸುತ್ತಿದ್ದೆ. ಇಲ್ಲ.

"ಹೆದರಿಕೆ ಆಗ್ತದಾ?" ಎರಡು ಸಲ. ಇಲ್ಲ.

ನೋಡಿ ನನ್ನ ಸೊಕ್ಕು! ಉಸಿರನ್ನೇ ಮಷೀನಿನಿಂದ ತೆಗೆದುಕೊಳ್ಳುವವಳು, ಹೆದರಿಕೆ ಇಲ್ಲ ಎನ್ನುತ್ತಿದ್ದೆ.

ನಮ್ಮ ಚರ್ಚಿನ ಫಾದರ್ ಬಂದರು. ಎಳೆಯ ಪ್ರಾಯದವರು, ಪಾಪ, ಇಷ್ಟೆಲ್ಲ ಪೈಪು ನೋಡಿ ಅವರ ಮುಖವೇ ಬಿಳಿಚಿತ್ತು. ಹಣೆಗೆ ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಹೋಗುವಾಗ "ನೋವನ್ನು ಯೇಸುವಿಗೆ ಒಪ್ಪಿಸಿ ಟೀಚರ್" ಎಂದರು. ಅವರದು ತಪ್ಪಲ್ಲ, ನಾನೂ ಸಾವಿರ ಸಲ ಹೇಳಿದ ಮಾತೇ. ಆದರೆ ಆ ಹೊತ್ತು ನನಗೆ ಬಂದ ಸಿಟ್ಟು! ಒಪ್ಪಿಸಿಯೇ ಇಲ್ಲಿಗೆ ಬಂದು ಬಿದ್ದಿದ್ದೇನೆ ಫಾದರ್ ಎಂದು ಹೇಳಲು ಬಾಯಿ ಇರಲಿಲ್ಲ. ಕಣ್ಣು ಕೆಕ್ಕರಿಸಿದೆ. ಅವರು ಅದನ್ನು ಭಕ್ತಿ ಎಂದುಕೊಂಡಿರಬೇಕು, ಇನ್ನೊಮ್ಮೆ ಆಶೀರ್ವದಿಸಿದರು.

ನಾಲ್ಕನೆಯದೋ ಐದನೆಯದೋ ದಿನ, ಮಧ್ಯಾಹ್ನ, ಪೈಪಿನಲ್ಲಿ ಕಫ ಕಟ್ಟಿತು. ಗಾಳಿ ಬರಲಿಲ್ಲ. ಮಷೀನು ಕಿರುಚಲು ತೊಡಗಿತು. ಕೆಲವೇ ಕ್ಷಣ ಇರಬೇಕು, ನನಗೆ ಅದು ಮುಗಿಯಲೇ ಇಲ್ಲ. ಆಗ ನನ್ನೊಳಗಿಂದ ಒಂದು ಕೂಗು ಎದ್ದಿತು. ಪ್ರಾರ್ಥನೆ ಎಂದು ಅದಕ್ಕೆ ಹೆಸರು ಕೊಡಲಾಗದು.

ಬಾಪಾ!

ನಮ್ಮ ಕೊಂಕಣಿಯಲ್ಲಿ ಅಪ್ಪನನ್ನೂ ಹಾಗೆ ಕರೆಯುತ್ತಾರೆ, ದೇವರನ್ನೂ ಹಾಗೆ ಕರೆಯುತ್ತಾರೆ. ಆ ಕ್ಷಣ ಯಾರನ್ನು ಕರೆದೆನೋ ನನಗೆ ತಿಳಿಯದು. ಅದರಲ್ಲಿ ತ್ಯಾಗ ಇರಲಿಲ್ಲ, ಸ್ತುತಿ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಬಾವಿಕಟ್ಟೆಯ ಹತ್ತಿರ ಕಾಲು ಜಾರಿದ ಮಗು ಕಿರುಚುವುದಿಲ್ಲವಾ, ಅದೇ. ನರ್ಸು ಓಡಿ ಬಂದಳು. ಸಕ್ಷನ್ ಹಾಕಿ ಕಫ ಎಳೆದಳು. ಗಾಳಿ ಬಂತು.

ದೇವರೇ ಅವಳನ್ನು ಕಳಿಸಿದ ಎಂದು ಇಲ್ಲಿ ಸಾಕ್ಷಿ ಹೇಳಲು ನಾನು ಕೂತಿಲ್ಲ. ಅಲಾರಂ ಹೊಡೆಯಿತು, ಬರುವುದು ಅವಳ ಕೆಲಸ, ಬಂದಳು. ನನ್ನ ಪಕ್ಕದ ಬೆಡ್ಡಿನಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ಹೆಂಗಸು ಇದ್ದಳು. ಅವಳೂ ಕೂಗಿರುತ್ತಾಳೆ. ಅವಳು ಮನೆಗೆ ಹೋಗಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇದೆ ಎನ್ನುವವರ ಮಾತು ನಾನು ಅರ್ಧ ಮಾತ್ರ ಕೇಳುತ್ತೇನೆ. ನನಗೆ ಗೊತ್ತಿರುವುದು ಇಷ್ಟು: ಐವತ್ತನಾಲ್ಕು ವರ್ಷ ದೇವರ ಎದುರು ನಾನು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ನಿಂತಿದ್ದೆ. ಅವತ್ತು ಮೊದಲ ಸಲ ಇದ್ದ ಹಾಗೇ ಎದುರು ಹೋದೆ.

ಆ ದಿನ ನರ್ಸು ಮತ್ತೆ ಕೇಳಿದಳು. "ಹೆದರಿಕೆ ಆಯ್ತಾ ಅಮ್ಮ?"

ಒಮ್ಮೆ ಮಿಟುಕಿಸಿದೆ.

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಡ್ಯೂಟಿ ಮುಗಿಯುವ ತನಕ ನಡುನಡುವೆ ಬಂದು ಕೂತಳು. ಮೊದಲ ದಿನವೇ ಹೌದು ಎಂದಿದ್ದರೆ ಮೊದಲ ದಿನವೇ ಕೂರುತ್ತಿದ್ದಳೋ ಏನೋ.

ಹನ್ನೆರಡು ದಿನಕ್ಕೆ ವೆಂಟಿಲೇಟರ್ ತೆಗೆದರು. ಒಂದೂವರೆ ತಿಂಗಳಿಗೆ ಮನೆಗೆ ಬಂದೆ. ಬಂದೆ ಎಂದರೆ, ನನ್ನನ್ನು ಎತ್ತಿ ತಂದರು. ಕುತ್ತಿಗೆ ನಿಲ್ಲುತ್ತಿತ್ತು, ಮಾತು ಬರುತ್ತಿತ್ತು. ಕೈ ಭುಜದ ತನಕ ಏಳುತ್ತಿತ್ತು, ಬೆರಳುಗಳು ಮಾತ್ರ ಮಡಚಿಕೊಂಡು ಸುಮ್ಮನೆ ಕೂತಿದ್ದವು. ಲಾರೆನ್ಸ್ ಕುವೈಟಿನಲ್ಲಿ ಹತ್ತೊಂಬತ್ತು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದವರು. ನನ್ನನ್ನು ಎತ್ತುವಾಗಲೂ ಕಂಪ್ರೆಸ್ಸರ್ ಎತ್ತುವ ಹಾಗೆ "ನಿಧಾನ, ನಿಧಾನ, ಈ ಬದಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅವರು ಸ್ನಾನ ಮಾಡಿಸುವಾಗ ಮೊದಲ ವಾರ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. "ಎಂತ ಸಿಸಿಲ್, ನಾನು ನೋಡದ್ದು ಎಂತ ಉಂಟು?" ಎಂದರು. ನಗು ಬಂತು. ನಗುವಾಗ ಅಳುವೂ ಬಂತು.

ಊಟ ಮಾಡಿಸುವ ಕೆಲಸ ಮಾತ್ರ ಮಾಂಯ್ ಯಾರಿಗೂ ಬಿಟ್ಟುಕೊಡಲಿಲ್ಲ. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರು ನಾವು. ಅವರ ಹತ್ತಿರ ಒಂದು ಚಿಟಿಕೆ ಉಪ್ಪು ಕೇಳುವುದಕ್ಕಿಂತ ಸಪ್ಪೆ ಉಣ್ಣುವುದು ವಾಸಿ ಎಂದು ನಡೆದುಕೊಂಡವಳು ನಾನು. ಈಗ ಅವರು ಗಂಜಿಯನ್ನು ಆರಿಸಿ, ಚಮಚದಲ್ಲಿ ಬಾಯಿಯ ಹತ್ತಿರ ಹಿಡಿಯುತ್ತಿದ್ದರು. ಅವರ ಕೈಯೂ ಸ್ವಲ್ಪ ನಡುಗುತ್ತದೆ. ಗಂಜಿ ಗಲ್ಲದ ಮೇಲೆ ಚೆಲ್ಲಿತು. ನಾನು ತುಟಿ ಬಿಗಿದು ಮುಖ ತಿರುಗಿಸಿದೆ.

"ಬಾಯಿ ತೆರೆ."

"ಬೇಡ. ಹಸಿವಿಲ್ಲ."

"ಸುಳ್ಳು. ಬಾಯಿ ತೆರೆ. ನಿನ್ನನ್ನು ಸಂತಳು ಮಾಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ, ಕೋಳಿಗೆ ಕಾಳು ಹಾಕ್ಲಿಕ್ಕುಂಟು."

ಬಾಯಿ ತೆರೆದೆ. ಅವರು ಸೆರಗಿನಿಂದ ಗಲ್ಲ ಒರೆಸಿದರು. ಐದಾರು ಚಮಚ ಆದ ಮೇಲೆ, ಬಟ್ಟಲನ್ನೇ ನೋಡಿಕೊಂಡು ಹೇಳಿದರು.

"ಆ ಬುಧವಾರ ನನಗೆ ಗೊತ್ತಾಗಿತ್ತು, ಇದು ಸರಿ ಇಲ್ಲ ಅಂತ. ನೀನು ಗದರ್ಸಿದಿ. ಲಾರೆನ್ಸನಿಗಾದ್ರೂ ಹೇಳ್ಬೇಕಿತ್ತು ನಾನು. ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ ಮಾಂಯ್?"

"ನಿನಗೆ ಹೆದರಿ."

ಎಂಬತ್ತೆರಡು ವರ್ಷದ ಮುದುಕಿ, ತನ್ನದೇ ಮನೆಯಲ್ಲಿ, ನನ್ನ ಕಾಲು ಎಳೆಯುವುದನ್ನು ನೋಡಿಯೂ ನನಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ನಾನು ಯಾರಿಗೂ ಭಾರ ಆಗಬಾರದು ಎಂದು ಬದುಕಿದೆ ಎಂದುಕೊಂಡಿದ್ದೆ. ಯಾರೂ ಹತ್ತಿರ ಬರಬಾರದು ಎಂದು ಬದುಕಿದ್ದೆ, ಅಷ್ಟೇ. ದೇವರ ಹತ್ತಿರವೂ ನಾನು ಇದೇ ಬುದ್ಧಿ ತೋರಿಸಿದ್ದು.

"ನನ್ನದು ತಪ್ಪಾಯ್ತು ಮಾಂಯ್" ಎಂದೆ.

"ಆಯ್ತು, ಆಯ್ತು. ಇನ್ನೆರಡು ಚಮಚ ಉಂಟು."

ನಮ್ಮ ಮನೆಗಳಲ್ಲಿ ಸಂಜೆ ಜಪಮಾಲೆ ಮುಗಿದ ಮೇಲೆ ಒಂದು ಕ್ರಮ ಇದೆ. ಕಿರಿಯರು ಕೈಮುಗಿದು ಹಿರಿಯರ ಎದುರು ನಿಂತು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ದೇವರು ಒಳ್ಳೆಯದು ಮಾಡಲಿ ಎಂದು ಹಿರಿಯರು ಹೇಳುತ್ತಾರೆ. ಮೂವತ್ತು ವರ್ಷ ನಾನೂ ಕೇಳಿದ್ದೇನೆ, ಕರೆಂಟ್ ಬಿಲ್ಲು ಕಟ್ಟಿದಷ್ಟೇ ಭಕ್ತಿಯಿಂದ, ಒಂದು ಕಣ್ಣು ಒಲೆಯ ಮೇಲೆ ಇಟ್ಟುಕೊಂಡು. ಗಂಜಿಯ ಆ ದಿನ ಸಂಜೆ ಗಾಲಿಕುರ್ಚಿಯಲ್ಲಿ ಕೂತು ಕೇಳಬೇಕೆಂದರೆ ಕೈ ಜೋಡಿಸಲಾಗಲಿಲ್ಲ. ಒಂದು ಕೈ ಎದೆಯ ತನಕ ಬಂತು, ಇನ್ನೊಂದು ಮಡಿಲಿಗೆ ಬಿತ್ತು. ಮಾಂಯ್ ಎದ್ದು ಬಂದು ನನ್ನ ಎರಡೂ ಕೈಗಳನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿ, ತಮ್ಮ ಕೈಗಳ ಒಳಗೆ ಜೋಡಿಸಿದರು. "ಈಗ ಕೇಳು" ಎಂದರು. ಕೇಳಿದೆ. ಕೊಟ್ಟರು. ನನ್ನ ಪ್ರಾರ್ಥನೆಗೆ ಬೇರೆಯವರ ಕೈ ಬೇಕಾಗಿ ಬಂತಲ್ಲ ಎಂದು ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹಾಯೆನಿಸಿತು.

ಆ ಹನ್ನೊಂದು ಫ್ರಾಕುಗಳ ಸುದ್ದಿ ಹೇಳಬೇಕು. ನಾನು ಐಸಿಯುನಲ್ಲಿದ್ದಾಗ ಝುಬೈದಾ ಅಂಗಡಿಯ ಬೀಗದ ಕೈಯನ್ನು ಲಾರೆನ್ಸರಿಂದ ಕೇಳಿ ಪಡೆದಿದ್ದಳು. ಮಷೀನಿನ ಕೆಲಸ ಬಹುಪಾಲು ಮುಗಿದಿತ್ತು, ಅಂಚು ಮತ್ತು ಲೇಸು ಉಳಿದಿತ್ತು. ಅವಳೇ ಕೂತು ಹನ್ನೊಂದನ್ನೂ ಕೈಹೊಲಿಗೆಯಲ್ಲಿ ಮುಗಿಸಿ, ಒಂದೊಂದನ್ನೂ ಮನೆಮನೆಗೆ ತಲುಪಿಸಿದ್ದಳು. ಪರಮಪ್ರಸಾದದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದಳು.

"ನೋಡಿ ಅಕ್ಕ, ಲೇಸು ಸರಿ ಬಂದಿದಾ?"

ಎರಡು ಕಡೆ ಲೇಸು ಸ್ವಲ್ಪ ಸುಕ್ಕಾಗಿತ್ತು. ಹಳೆಯ ಸಿಸಿಲಿಯಾ ಬಿಚ್ಚಿಸಿ ಹೊಲಿಸುತ್ತಿದ್ದಳು. "ನನ್ನದಕ್ಕಿಂತ ಚಂದ ಬಂದಿದೆ ಮಾರಾಯ್ತಿ" ಎಂದೆ.

"ಅದು ಸುಳ್ಳು" ಎಂದಳು. "ಆದ್ರೂ ಹೇಳಿ, ಕೇಳ್ಲಿಕ್ಕೆ ಖುಷಿ ಆಗ್ತದೆ."

ಮೂಡುಬಿದಿರೆಯ ಫಿಸಿಯೋಥೆರಪಿಸ್ಟ್ ಸುಮತಿ ವಾರಕ್ಕೆ ಮೂರು ದಿನ ನನ್ನ ಬೆರಳುಗಳ ಜೊತೆ ಜಗಳವಾಡುತ್ತಾಳೆ. ಜೈನರ ಮನೆಯ ಹುಡುಗಿ, ಕತ್ತಲಾಗುವ ಮೊದಲು ಊಟಕ್ಕೆ ಮನೆ ಸೇರಬೇಕು, ಹಾಗಾಗಿ ನನ್ನನ್ನು ನಾಲ್ಕು ಗಂಟೆಗೇ ಹಿಂಡಿ ಹಾಕುತ್ತಾಳೆ. ಜೇಡಿಮಣ್ಣಿನಂಥ ಒಂದು ಮುದ್ದೆ ಕೊಟ್ಟು ಹಿಸುಕು ಎಂದಳು. ಆಗಲಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು ಒತ್ತು ಎಂದಳು. ಆಗಲಿಲ್ಲ. ಮೂರು ವಾರದ ಮೇಲೆ ಕ್ಲಿಪ್ಪು ಬಾಯಿ ಬಿಟ್ಟಿತು. ನಾನು ಕಿರುಚಿದ ಸದ್ದಿಗೆ ಪಕ್ಕದ ಕೋಣೆಯ ಪೇಶೆಂಟು ಎದ್ದು ಬಂದ. ಮೋಂತಿ ಹಬ್ಬಕ್ಕೆ, ಅಂದರೆ ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ವಾಕರ್ ಹಿಡಿದು ಚರ್ಚಿನ ಬಾಗಿಲ ತನಕ ನಡೆದೆ.

ಈಗ ನವೆಂಬರ್. ಮನೆಯೊಳಗೆ ಕೋಲಿಲ್ಲದೆ ನಡೆಯುತ್ತೇನೆ. ಎಡಪಾದ ಇನ್ನೂ ಸ್ವಲ್ಪ ಜೋಲುತ್ತದೆ. ಮೋಟಾರು ಹಾಕಿದ ಮಷೀನಿನಲ್ಲಿ ನೇರ ಹೊಲಿಗೆ ಬರುತ್ತದೆ. ಕೈಯಲ್ಲಿ ಅಂಚು ಹೊಲಿಯುವುದು, ಹುಕ್ಕು ಹಾಕುವುದು ಬರುವುದಿಲ್ಲ. ಸೂಜಿಗೆ ದಾರವನ್ನು ಝುಬೈದಾ ಏರಿಸಿಕೊಡುತ್ತಾಳೆ. ಎಲ್ಲ ವಾಪಸು ಬರುತ್ತದೆಯಾ? ಬರಬಹುದು ಎನ್ನುತ್ತಾರೆ ಡಾಕ್ಟರು. ಬರುತ್ತದೆ ಎನ್ನುತ್ತೇನೆ ನಾನು. ಬಾರದಿದ್ದರೂ ನಾನು ಯಾರೆಂದು ಈಗ ನನಗೆ ಗೊತ್ತು, ಆ ಹೆದರಿಕೆ ಹೋಗಿದೆ.

ಭಾನುವಾರದ ಕ್ಲಾಸು ಮತ್ತೆ ಶುರು ಮಾಡಿದ್ದೇನೆ. ಅದೇ ಪಾಠ ಬಂತು. ಬೋರ್ಡಿನಲ್ಲಿ ಬರೆಯಲು ನನಗೆ ಬೆರಳಿಲ್ಲ, ಬರೆಯುವ ಮನಸ್ಸೂ ಇಲ್ಲ. ಮಕ್ಕಳು ಒಳ್ಳೆಯವರು ಎಂದು ಯೇಸು ಎಲ್ಲಿಯೂ ಹೇಳಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಮಕ್ಕಳು ಸುಳ್ಳು ಹೇಳುತ್ತಾರೆ, ಕಚ್ಚುತ್ತಾರೆ, ಒಬ್ಬರ ಪೆನ್ಸಿಲನ್ನು ಇನ್ನೊಬ್ಬರು ಕದಿಯುತ್ತಾರೆ, ಈ ಕ್ಲಾಸಿನಲ್ಲಿ ಇಪ್ಪತ್ತೆರಡು ವರ್ಷ ನೋಡಿದವಳು ನಾನು, ನನ್ನ ಹತ್ತಿರ ಹೇಳಬೇಡಿ. ಆದರೆ ಮಗುವಿನ ಕಾಲಿಗೆ ಮುಳ್ಳು ಹೊಕ್ಕರೆ ಅದು ಆರು ದಿನ ಮುಚ್ಚಿಟ್ಟುಕೊಳ್ಳುವುದಿಲ್ಲ. ಇದು ತ್ಯಾಗವೋ ಪರೀಕ್ಷೆಯೋ ಎಂದು ಯೋಚಿಸುವುದಿಲ್ಲ. ತನಗೆ ಅರ್ಹತೆ ಉಂಟೋ ಇಲ್ಲವೋ ಎಂದು ಕೇಳಿಕೊಳ್ಳುವುದಿಲ್ಲ. ಕೂಗುತ್ತದೆ. ಮನೆಯಲ್ಲಿ ಯಾರೋ ಇದ್ದಾರೆ, ಬಂದೇ ಬರುತ್ತಾರೆ ಎಂದು ಅದಕ್ಕೆ ಗೊತ್ತು. ಬರುವುದು ತಡವಾದರೆ ಇನ್ನೂ ಜೋರಾಗಿ ಕೂಗುತ್ತದೆ, ಸಿಟ್ಟು ಮಾಡುತ್ತದೆ, ನೆಲಕ್ಕೆ ಕಾಲು ಬಡಿಯುತ್ತದೆ. ಆದರೆ ಮನೆ ಖಾಲಿ ಎಂದು ಮಾತ್ರ ತೀರ್ಮಾನ ಮಾಡುವುದಿಲ್ಲ. ನನಗೆ ಇಷ್ಟು ವರ್ಷ ಇಲ್ಲದೆ ಹೋದ ನಂಬಿಕೆ ಇದೇ. ಇದ್ದದ್ದು ಶಿಸ್ತು. ಶಿಸ್ತು ಒಳ್ಳೆಯದೇ, ಅದರಿಂದ ಒಳ್ಳೆಯ ಫ್ರಾಕು ಹೊಲಿಯಬಹುದು. ಈಗಲೂ ನಾನು ನೋವನ್ನು ದೇವರಿಗೆ ಒಪ್ಪಿಸುತ್ತೇನೆ, ಆದರೆ ಮೊದಲು ಕೂಗುತ್ತೇನೆ, ಮಾತ್ರೆ ತೆಗೆದುಕೊಳ್ಳುತ್ತೇನೆ, ಆಮೇಲೆ ಉಳಿದದ್ದನ್ನು ಒಪ್ಪಿಸುತ್ತೇನೆ.

ಹೋದ ಮಂಗಳವಾರ ಬೆಳಿಗ್ಗೆ ಎಚ್ಚರವಾಯಿತು. ಬಲಗೈ ಇಲ್ಲ.

ಇತ್ತು, ಆದರೆ ಇರಲಿಲ್ಲ. ಬೆರಳಿನಿಂದ ಮೊಣಕೈ ತನಕ ಮರದ ತುಂಡು. ಕಾಯಿಲೆ ಮತ್ತೆ ಬಂತು. ಇದು ಎರಡನೆಯ ಸಲ ಬರುವುದು ಅಪರೂಪ ಎಂದು ಡಾಕ್ಟರು ಹೇಳಿದ್ದರು, ಆದರೆ ಬರುವುದೇ ಇಲ್ಲ ಎಂದಿರಲಿಲ್ಲ.

"ಲಾರೆನ್ಸ್! ಮಾಂಯ್! ಬನ್ನಿ!"

ತೋಡಾರಿಗೆ ತೋಡಾರೇ ಎದ್ದಿರಬೇಕು. ಲಾರೆನ್ಸ್ ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಓಡಿ ಬಂದರು. ಮಾಂಯ್ ಕೋಳಿಕಾಳು ತುಂಬಿದ ತೆಂಗಿನ ಗೆರಟೆ ಹಿಡಿದೇ ಬಂದರು. ಝುಬೈದಾ ಬೇಲಿಯ ಆ ಕಡೆಯಿಂದ "ಎಂತ ಅಕ್ಕ, ಎಂತ ಆಯ್ತು?" ಎಂದು ಕೇಳುತ್ತಲೇ ಒಳಗೆ ಬಂದಳು, ಅವಳ ಗಂಡ ಯಾರೂ ಹೇಳುವ ಮೊದಲೇ ಆಟೋ ಸ್ಟಾರ್ಟ್ ಮಾಡಿದ. ಮಂಗಳೂರಿನ ದಾರಿ ಅರ್ಧ ಆಗುವಷ್ಟರಲ್ಲಿ ಬೆರಳಿಗೆ ಜೀವ ಬರಲು ತೊಡಗಿತ್ತು. "ಹಿಂದೆ ಹೋಗುವನಾ?" ಎಂದರು ಲಾರೆನ್ಸ್. "ಬೇಡ, ತೋರಿಸಿಯೇ ಬರುವ" ಎಂದೆ.

ಡಾಕ್ಟರು ಸುತ್ತಿಗೆಯಲ್ಲಿ ತಟ್ಟಿದರು. ಮೊಣಕಾಲು ಸ್ವಲ್ಪ ಹಾರಿತು. ಕೈ ಹಿಡಿದು ಎಳೆದು, ತಳ್ಳಿ, ಪಿನ್ನಿನಿಂದ ಚುಚ್ಚಿ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ನಕ್ಕರು.

"ಎಂತ ಇಲ್ಲ ಅಮ್ಮ. ಕೈ ಮೇಲೆ ಮಲಗಿದ್ದೀರಿ, ಜೋಮು ಹಿಡಿದದ್ದು. ಪಾಪ, ಇಷ್ಟು ದೂರ ಸುಮ್ಮನೆ ಬಂದ್ರಿ."

ಹಿಂದಿನ ನಾನಾಗಿದ್ದರೆ ನಾಚಿಕೆಯಿಂದ ಆ ನೆಲದಲ್ಲಿ ಇಳಿದುಹೋಗುತ್ತಿದ್ದೆ.

"ಸುಮ್ಮನೆ ಅಲ್ಲ ಡಾಕ್ಟ್ರೇ" ಎಂದೆ. "ಹೆದರಿಕೆ ಆಯ್ತು, ಬಂದೆ."

ಸಂಜೆ ಜಪಮಾಲೆಗೆ ಕೂತಾಗ ದೇವರಿಗೂ ಅದನ್ನೇ ಹೇಳಿದೆ.